ಸುಯೋಧನನ ಕಂಠ
ಕುಮಾರವ್ಯಾಸನ ಗದಾಪರ್ವವನ್ನು ಕೇವಲ ಅಭಿಮಾನದಿಂದ ಅನಿಮೇಷನ್ ಚಿತ್ರವಾಗಿಸಲು ಹೊರಟ ಗದಗಿನ ತರುಣನೂ, ಒಂದು ಕಾಲಕ್ಕೆ ಕಂಪನಿ ನಾಟಕಗಳಲ್ಲಿ ಸುಯೋಧನನಾಗಿ ಗರ್ಜಿಸಿ ಈಗ ಕೆಮ್ಮುವುದರಲ್ಲಿಯೇ ತೃಪ್ತರಾಗಿರುವ ಮುಂಡರಗಿಯ ವೃದ್ಧ ನಟರೂ ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ಸಂಧಿಸಿದ ಪ್ರಸಂಗವಿದು.

ತರುಣ: ಸ್ವಲ್ಪ ಧ್ವನಿಮುದ್ರಿಕೆಯನ್ನು ಉಣಿಸಿದರೆ ಸಾಕು, ಎಐ ಯಂತ್ರವು ಕಂಠದ ಶ್ರುತಿ, ನಾದಗುಣ, ಓಟಗಳನ್ನು ಸಂಖ್ಯೆಗಳಾಗಿ ಗ್ರಹಿಸಿ, ಬರೆದುಕೊಟ್ಟುದನ್ನೆಲ್ಲ ಅದೇ ಕಂಠದಿಂದ ನುಡಿಯುವುದು. ಸುಯೋಧನನಿಗೆ ನಮ್ಮ ಗದಗ ಸೀಮೆಯಲ್ಲಿಯೇ ಜನಿಸಿದ ಗಾಯಕ ಭೀಮಸೇನ ಜೋಶಿಯವರ ಕಂಠವನ್ನು ನಿಶ್ಚಯಿಸಿರುವೆನು.

ನಟ: ಸುಯೋಧನನಿಗೆ ಭೀಮಸೇನನ ಕಂಠವೇ! ಹಾಗಾದರೆ ತೊಡೆ ಮುರಿಯುವವರಾರು?

ತರುಣ: ಅವನಿಗೂ ಅದೇ ಕಂಠ. ಉಚಿತ ಖಾತೆಯಲ್ಲಿ ಒಂದೇ ಲಭ್ಯ.

ನಟ: ಅನುಮತಿ?

ತರುಣ: ಅವರು 2011ರಲ್ಲಿಯೇ ದಿವಂಗತರು, ಆಕ್ಷೇಪಿಸಲಾರರು.

ನಟ: ಗಾಯಕ ಅರಿಜಿತ್ ಸಿಂಗ್ 2024ರಲ್ಲಿ ಇಂಥ ಅನುಕರಣದ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯದಿಂದ ಮಧ್ಯಂತರ ರಕ್ಷಣೆ ಪಡೆದರಲ್ಲವೇ?

ತರುಣ: ಜೀವಂತರಲ್ಲಿ ಇದೇ ದೋಷ!

(ಯಂತ್ರವು ನುಡಿಯಿತು. ಸಮರಾಹ್ವಾನವು ಬೆಂಗಳೂರಿನ ಹವಾಮಾನ ವರದಿಯ ವಿನಯದಿಂದ ಹೊರಹೊಮ್ಮಿತು.)

ನಟ: ಪಂಪನು ಹೊಗಳಿದ ಪುಲಿಗೆರೆಯಾದ ಈ ಲಕ್ಷ್ಮೇಶ್ವರದಲ್ಲಿ ಕುಳಿತು ಇದನ್ನು ಕೇಳಬೇಕಾಯಿತೇ!

ತರುಣ: ಹಾಗಾದರೆ ತಮ್ಮ ಕಂಠವನ್ನೇ ದಯಪಾಲಿಸಿರಿ.

ನಟ: ಸಂಭಾವನೆ?

ತರುಣ: ಕೃತಜ್ಞತಾಪಟ್ಟಿಯಲ್ಲಿ ತಮ್ಮ ನಾಮಧೇಯ.

ನಟ: ಕಂಪನಿಯ ಮಾಲೀಕರೂ ಇಷ್ಟನ್ನೇ ಕೊಡುತ್ತಿದ್ದರು; ಆದರೆ ಊಟವನ್ನಾದರೂ ಹಾಕುತ್ತಿದ್ದರು.