ಆರು ತುಂಬಿ ಏಳಕ್ಕೆ

ನಮ್ಮ ಯಗಟಿಯಲ್ಲಿ ಕೊಬ್ಬರಿ ಧಾರಣೆಯ ಬಗ್ಗೆ ಮಾತಾಡಲು ನಾಲ್ಕು ತೆಂಗಿನ ಮರವಾದರೂ ಇರಬೇಕು. ಈರುಳ್ಳಿಯ ಮಾತೆತ್ತಲು ಒಂದು ಸಲವಾದರೂ ಅದರಲ್ಲಿ ಕೈ ಸುಟ್ಟುಕೊಂಡಿರಬೇಕು. ಅರ್ಹತೆ ಇಲ್ಲದವನು ನಡುವೆ ಬಾಯಿ ಹಾಕಿದರೆ ‘ನಿನಗ್ಯಾಕಪ್ಪ ಆ ಉಸಾಬರಿ’ ಅಂದುಬಿಡುತ್ತಾರೆ. ಆದರೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಒಮ್ಮೆ ಜಗಲಿಗೆ ಬಂದು ನೋಡಿ. ಕಡೂರು ಬಸ್ಸಿಗೆ ಓಡುತ್ತಿದ್ದವರು, ಡೇರಿಗೆ ಹಾಲು ಹಾಕಲು ಹೊರಟವರು, ಇನ್ನೂ ಹೆಣ್ಣು ಹುಡುಕುತ್ತಲೇ ಇರುವ ಮೂವತ್ತೈದರ ಗಂಡು, ಎಲ್ಲರೂ ನಿಂತು ಕೇಳುತ್ತಾರೆ: ‘ಏನ್ ಮೇಷ್ಟ್ರೇ, ಮಗೀಗೆ ಇನ್ನೂ ಏನೂ ಶುರು ಮಾಡಿಲ್ವಾ?’

ಹಾಲು ಕುಡಿಯುತ್ತಿದೆ ಎಂದರೆ ಅದನ್ನು ಉತ್ತರವೆಂದು ಯಾರೂ ಒಪ್ಪುವುದಿಲ್ಲ. ‘ಹಾಲು ಸರಿ, ಹೊಟ್ಟೆಗೆ ಏನು?’ ಎನ್ನುತ್ತಾರೆ.

ಮಗಳು ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದವಳು ಮೊಮ್ಮಗಳ ಸಮೇತ ನಮ್ಮಲ್ಲೇ ಇದ್ದಳು. ಹಾಗಾಗಿ ಮನೆಯೊಳಗೂ ಇದೇ ಚರ್ಚೆ. ಇಲ್ಲಿ ಮೂರು ಪಕ್ಷ. ಮೊದಲನೆಯದು ನನ್ನ ತಾಯಿಯದು. ಕೂಸಿನ ಈ ಮುತ್ತಜ್ಜಿಗೆ ಹಲ್ಲಿಲ್ಲ, ಮೊಮ್ಮಗಳ ಮಗಳಿಗೂ ಹಲ್ಲಿಲ್ಲ. ಆದ್ದರಿಂದ ಅದರ ಕಷ್ಟ ತನಗೊಬ್ಬಳಿಗೇ ಅರ್ಥವಾಗುತ್ತದೆಂದು ಆಕೆ ಗಟ್ಟಿಯಾಗಿ ನಂಬಿದ್ದಾಳೆ. ‘ನಿನಗೆ ಮೂರು ತಿಂಗಳಿಗೇ ಗಂಜಿ ತಿಳಿ ಕುಡಿಸಿದ್ದೆ ಕಣೋ. ನೀನೇನು ಸತ್ತೋದ್ಯಾ?’ ಎಂಬುದು ಅವಳ ವಾದ. ಸತ್ತುಹೋದವರು ಎದ್ದು ಬಂದು ಉತ್ತರ ಕೊಡುವುದಿಲ್ಲವಾದ್ದರಿಂದ ಈ ವಾದಕ್ಕೆ ಸೋಲೆಂಬುದೇ ಇಲ್ಲ. ನನ್ನ ಬೆನ್ನಿಗೆ ಹುಟ್ಟಿದ್ದ ಒಂದು ಕೂಸು ಭೇದಿ ಹತ್ತಿ ಹೋಯಿತಂತೆ. ಅದರ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡನೆಯ ಪಕ್ಷ ನನ್ನ ಹೆಂಡತಿ. ಇದೇ ಮಗಳು ಹುಟ್ಟಿದ್ದು 1991ರಲ್ಲಿ. ಆಗ ಡಾಕ್ಟರು ನಾಲ್ಕು ತುಂಬುತ್ತಲೇ ರಾಗಿ ಸರಿ ಶುರು ಮಾಡಿ ಎಂದಿದ್ದರು. ಅವರ ತಪ್ಪೇನೂ ಇರಲಿಲ್ಲ, ಆಗ ಜಗತ್ತೆಲ್ಲ ನಾಲ್ಕರಿಂದ ಆರು ತಿಂಗಳ ನಡುವೆ ಎಂದೇ ಹೇಳುತ್ತಿತ್ತು. 2001ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಕೂತು, ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಸಲಹೆ ಕೊಟ್ಟಿತು. ಅಷ್ಟು ಹೊತ್ತಿಗೆ ನನ್ನ ಮಗಳು ಮುದ್ದೆ ನುಂಗಿ ಸ್ಕೂಲಿಗೆ ಹೋಗುತ್ತಿದ್ದಳು. ‘ಡಾಕ್ಟ್ರ ಮಾತು ಬದಲಾಯ್ತೋ, ಮಕ್ಕಳ ಹೊಟ್ಟೆ ಬದಲಾಯ್ತೋ?’ ಎಂದು ನನ್ನವಳು ಕೇಳಿದರೆ ಜಿನೀವಾದ ಪರವಾಗಿ ನಾನೇನು ಹೇಳಲಿ?

ಹಾಗೆ ನೋಡಿದರೆ ಈ ವಿಷಯದಲ್ಲಿ ನಮ್ಮ ಹೆಂಗಸರು ಸಂಯಮಿಗಳು. ಅಮೆರಿಕದ ಮಯಾಮಿಯಲ್ಲಿ ವಾಲ್ಟರ್ ಸ್ಯಾಕೆಟ್ ಎಂಬ ಡಾಕ್ಟರೊಬ್ಬ 1950ರ ದಶಕದಲ್ಲಿ, ಹುಟ್ಟಿದ ಎರಡನೇ ಮೂರನೇ ದಿನಕ್ಕೇ ಕೂಸಿಗೆ ಗಂಜಿ ತಿನ್ನಿಸಿ ಎಂದು ಬೋಧಿಸುತ್ತಿದ್ದ. ಒಂಬತ್ತು ವಾರಕ್ಕೆ ಮೊಟ್ಟೆ ಮತ್ತು ಹಂದಿಮಾಂಸ, ಆರು ತಿಂಗಳಿಗೆ ಕಾಫಿ. ಅವನ ಪುಸ್ತಕ ನೆಚ್ಚಿ ಮಕ್ಕಳನ್ನು ಬೆಳೆಸಿದವರೂ ಇದ್ದರು. ಕಾಫಿಯ ಸಂಗತಿ ಕೇಳಿ ನನ್ನ ತಾಯಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ‘ಹಾಲು ಜಾಸ್ತಿ ಹಾಕಿ ಕೊಟ್ಟಿರ್ತಾನೆ ಬಿಡು’ ಎಂದಳು.

ಮೂರನೆಯ ಪಕ್ಷ ಮಗಳು. ಅವಳ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ತಾಯಿ ಕಾರ್ಡು. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ ಇದೆ, ಬೇರೆ ನೀರು ಬೇಡ ಎನ್ನುತ್ತಾಳೆ. ಕಡೂರು ಸೀಮೆಯ ಬೇಸಿಗೆಯಲ್ಲಿ ಎಮ್ಮೆಯೂ ನಾಲಗೆ ಚಾಚಿ ನಿಲ್ಲುವಾಗ ಕೂಸಿಗೆ ಒಂದು ಚಮಚ ನೀರು ಬೇಡವೆನ್ನುವುದನ್ನು ಒಪ್ಪಲು ನನ್ನ ತಾಯಿಗೆ ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತು. ಜೇನುತುಪ್ಪ ಒಂದು ವರ್ಷದವರೆಗೆ ಮುಟ್ಟಿಸಬಾರದು, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸುತ್ತದೆ. ಉಪ್ಪು, ಸಕ್ಕರೆ, ಬೆಲ್ಲಕ್ಕೂ ಒಂದು ವರ್ಷವಾದರೂ ರಜೆ. ‘ಬೆಲ್ಲ ಇಲ್ದಿರೋ ಸರಿಯಾ?’ ಎಂದು ಅಜ್ಜಿ ಮುತ್ತಜ್ಜಿ ಒಂದೇ ಉಸಿರಿನಲ್ಲಿ ಕೂಗಿದಾಗ, ಅತ್ತೆ ಸೊಸೆ ಒಮ್ಮತಕ್ಕೆ ಬಂದದ್ದನ್ನು ನಾನು ಮೊದಲ ಬಾರಿಗೆ ಕಂಡೆ.

ಆರು ತಿಂಗಳೇ ಯಾಕೆ ಎಂಬುದಕ್ಕೂ ಮಗಳ ಹತ್ತಿರ ಉತ್ತರವಿತ್ತು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದು ಕೂಡಿಟ್ಟುಕೊಂಡ ಕಬ್ಬಿಣಾಂಶ ಆ ಹೊತ್ತಿಗೆ ಖರ್ಚಾಗುತ್ತಾ ಬರುತ್ತದೆ, ಹಾಲಿನಲ್ಲಿ ಅದು ಕಡಿಮೆ. ಮೊದಲೇ ಕೊಟ್ಟರೆ ಭೇದಿಯ ಭಯ, ತಡ ಮಾಡಿದರೆ ರಕ್ತಹೀನತೆಯ ಭಯ. ಅಲ್ಲದೆ ಕೂಸಿಗೆ ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರಗೆ ತಳ್ಳುವ ಅಭ್ಯಾಸ ಬಿಟ್ಟಿರಬೇಕು. ಕೊನೆಯದು ನನಗೆ ಹಿಡಿಸಿತು. ಬೇಡದ್ದನ್ನು ಹೊರಗೆ ತಳ್ಳುವ ನಾಲಗೆಯನ್ನು ದೇವರು ಕೊಟ್ಟೇ ಕಳಿಸಿರುತ್ತಾನೆ. ನಾವು ಅದನ್ನು ಬಿಡಿಸಿ, ಆಮೇಲೆ ಮದುವೆ ಮನೆಗಳಿಗೆ ಕರೆದುಕೊಂಡು ಹೋಗುತ್ತೇವೆ.

ಇಷ್ಟು ಸಾಲದೆಂಬಂತೆ ಶಾಸ್ತ್ರ ಬಂತು. ಅನ್ನಪ್ರಾಶನ ಗಂಡು ಮಕ್ಕಳಿಗೆ ಸಮ ತಿಂಗಳಲ್ಲಿ, ಹೆಣ್ಣು ಮಕ್ಕಳಿಗೆ ಬೆಸ ತಿಂಗಳಲ್ಲಿ. ನಮ್ಮದು ಹೆಣ್ಣು ಕೂಸು, ಅಂದರೆ ಐದು ಇಲ್ಲವೇ ಏಳು. ಮಗಳು ಆರಕ್ಕೆ ಪಟ್ಟು ಹಿಡಿದಳು, ಹೆಂಡತಿ ಐದಕ್ಕೆ. ಒಂದು ವಾರ ಮನೆಯಲ್ಲಿ ಒಲೆ ಉರಿಯಿತು, ಮಾತು ಉರಿಯಲಿಲ್ಲ. ಲೆಕ್ಕ ಕಲಿಸಿಯೇ ರಿಟೈರಾದವನು ನಾನು. ಆರು ತಿಂಗಳು ತುಂಬಿದ ಮಾರನೇ ದಿನ ಏಳನೇ ತಿಂಗಳು ನಡೆಯುತ್ತಿರುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆರು ಅಲ್ಲೇ ಇತ್ತು, ಪಂಚಾಂಗದ ಏಳೂ ಅಲ್ಲೇ ಇತ್ತು. ಹೆಂಡತಿ ಬಹಳ ಹೊತ್ತು ನೋಡಿ ‘ಇದನ್ನ ನಾನು ಆಗ್ಲೇ ಹೇಳಿದ್ದೆ’ ಎಂದಳು.

ಆ ಮೇಲೆ ಅಡುಗೆಮನೆಯ ಅಧಿಕಾರವೆಲ್ಲ ಅವಳದೇ. ಹಿತ್ತಲಲ್ಲಿ ಕೇರಿದ ರಾಗಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ರಾತ್ರಿಯೆಲ್ಲ ನೆನೆಸಿ, ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟಳು. ಮೊಳಕೆ ಬಂದ ರಾಗಿಯನ್ನು ನೆರಳಲ್ಲಿ ಆರಹಾಕಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದಳು. ಬೀಸಿಸುವ ಕೆಲಸ ನನಗೆ ಬಂತು. ಮಿಲ್ಲಿನಲ್ಲಿ ಯಾರೂ ಖಾರದಪುಡಿ ಮಾಡಿಸುವುದಕ್ಕೆ ಮೊದಲೇ ಬೀಸಿಸಿಕೊಂಡು ಬರಬೇಕೆಂಬ ಆಜ್ಞೆಯಾಗಿತ್ತು. ಹಾಗೆಂದು ಬೆಳಕು ಹರಿಯುವ ಮೊದಲೇ ಹೋಗಿ ಬಾಗಿಲಲ್ಲಿ ಕೂತರೆ, ಮೆಣಸಿನಕಾಯಿ ಚೀಲದೊಂದಿಗೆ ನನಗಿಂತ ಮೊದಲು ಬಂದು ಕೂತವರೊಬ್ಬರಿದ್ದರು. ಕೂಸಿನ ಹೆಸರು ಹೇಳಿ ಸರದಿ ಬಿಡಿಸಿಕೊಂಡೆ. ಅದಕ್ಕೆ ಬದಲಾಗಿ, ಅವರ ಮೊಮ್ಮಗನಿಗೆ ಯಾವ ತಿಂಗಳಲ್ಲಿ ಏನು ತಿನ್ನಿಸಿದ್ದರೆಂಬುದನ್ನು ಆರಂಭದಿಂದ ಕೇಳಿಸಿಕೊಳ್ಳಬೇಕಾಯಿತು. ಬಂದ ಹಿಟ್ಟನ್ನು ಹೆಂಡತಿ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿ ಮಾಡಿದಳು. ಸೋಸಿ ಉಳಿದ ತರಿ ನನಗೆ ಅಂಬಲಿಯಾಗಿ ಬಂತು.

ಮೊಳಕೆ ಕಟ್ಟುವುದರಲ್ಲಿ ಇಷ್ಟು ಸಡಗರ ಯಾಕೆಂದು ಮಗಳು ಮೊಬೈಲಿನಲ್ಲಿ ನೋಡಿದಳು. ಮೊಳೆತ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ, ಕೂಸು ನುಂಗುವ ಒಂದೊಂದು ಚಮಚದಲ್ಲೂ ಸತ್ವ ಜಾಸ್ತಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿದ ಸುಣ್ಣಾಂಶ ಬೇರೆ. ‘ಅಮ್ಮ, ಇದೆಲ್ಲ ನಿಂಗೆ ಗೊತ್ತಿತ್ತಾ?’ ಎಂದಳು. ‘ನಂಗೇನು ಗೊತ್ತು, ಹೊಟ್ಟೆ ಉಬ್ಬರಿಸಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು’ ಎಂದಳು ಅಮ್ಮ. ನನ್ನ ಮಟ್ಟಿಗೆ ಅಜ್ಜಿಯರು ಸೋತದ್ದು ತಿಂಗಳ ಲೆಕ್ಕದಲ್ಲಿ ಮಾತ್ರ. ಪಾತ್ರೆಯೊಳಗಿನ ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ.

ಯಾವಾಗ, ಏನು ಎರಡೂ ತೀರ್ಮಾನವಾದ ಮೇಲೆ ಅಸಲಿ ಜಗಳ ಬಯಲಿಗೆ ಬಂತು: ಮೊದಲ ತುತ್ತು ಯಾರದು? ಇಷ್ಟು ದಿನದ ವಾದಗಳ ಹಿಂದೆ ಇದ್ದದ್ದು ಇದೇ ಎಂದು ನನಗೆ ಅನುಮಾನ. ನನ್ನ ತಾಯಿ ವಯಸ್ಸಿನ ಹಕ್ಕು ಹೂಡಿದಳು, ಹೆಂಡತಿ ರಾಗಿ ಹುರಿದ ಹಕ್ಕು. ಬೆಂಗಳೂರಿನಿಂದ ಬೀಗರು ಫೋನು ಮಾಡಿ, ನಮ್ಮ ಮನೆತನದ ಮಕ್ಕಳಿಗೆಲ್ಲ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೇ ಅನ್ನ ಮುಟ್ಟಿಸಿದ್ದು ಎಂದರು. ಹೊರನಾಡು ನಮ್ಮದೇ ಜಿಲ್ಲೆ ನಿಜ. ಆದರೆ ಚಿಕ್ಕಮಗಳೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ, ಕಳಸದ ತಿರುವುಗಳಲ್ಲಿ ಹೋಗುವಾಗ ಬಯಲುಸೀಮೆಯ ನಾವೆಲ್ಲ ತಿಂದದ್ದನ್ನು ಕಕ್ಕಿಕೊಂಡೇ ಹೋಗುತ್ತೇವೆ. ಒಬ್ಬಳಿಗೆ ಉಣ್ಣಿಸಲು ಆರು ಜನ ಹೊಟ್ಟೆ ಖಾಲಿ ಮಾಡಿಕೊಳ್ಳುವುದು ಯಾವ ನ್ಯಾಯ?

ಜಗಳ ಬಿಡಿಸಿದ್ದು ಅಂಗನವಾಡಿ. ಈ ಅಂಗನವಾಡಿಯ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. 2018ರಲ್ಲಿ ಪೋಷಣ್ ಅಭಿಯಾನ ಬಂದ ಮೇಲೆ ಸೀಮಂತ, ಅನ್ನಪ್ರಾಶನಗಳೂ ಸರ್ಕಾರಿ ಕಾರ್ಯಕ್ರಮಗಳಾಗಿವೆ. ನಮ್ಮೂರಿನ ಅನ್ನಪ್ರಾಶನದ ದಿನ ಹತ್ತಿರದ ಮನೆಗಳ ಕೂಸುಗಳನ್ನೆಲ್ಲ ಹಣೆಗೆ ಕುಂಕುಮವಿಟ್ಟು ಸಾಲಾಗಿ ಮಡಿಲಲ್ಲಿ ಕೂರಿಸಿದರು. ಕಾರ್ಯಕರ್ತೆ ಸುತ್ತ ನಿಂತ ಅಜ್ಜಿಯರ ಮುಖಗಳನ್ನು ಒಮ್ಮೆ ನೋಡಿ, ‘ಹೆತ್ತೋಳು ಮೊದಲು ತಿನ್ನಿಸ್ಲಿ’ ಎಂದು ಒಂದೇ ಮಾತಿನಲ್ಲಿ ಎಲ್ಲ ದಾವೆಗಳನ್ನೂ ವಜಾ ಮಾಡಿದಳು. ಮಗಳು ಚಮಚದ ತುದಿಯಲ್ಲಿ ಸರಿ ಇಟ್ಟಳು. ಕೂಸು ಕಣ್ಣು ಕಿರಿದು ಮಾಡಿ ಯೋಚಿಸಿ, ಪೂರ್ತಿ ಹೊರಗೆ ತಳ್ಳಿತು. ‘ಬೆಲ್ಲ ಇಲ್ಲ, ಅದಕ್ಕೇ’ ಎಂದಳು ನನ್ನ ತಾಯಿ. ‘ಉಗಿದ್ರೆ ಬೇಡ ಅಂತಲ್ಲ ಅಜ್ಜಿ, ಅದಿನ್ನೂ ನುಂಗೋದು ಕಲೀಬೇಕು. ದಿನಾ ಎರಡು ಸಲ ಎರಡೆರಡು ಚಮಚ ಕೊಡ್ತಾ ಇರಿ, ಹಾಲು ಬಿಡಿಸಬೇಡಿ’ ಎಂದಳು ಕಾರ್ಯಕರ್ತೆ. ಹಾಗೇ ನಡೆದು, ಈಗ ಬಟ್ಟಲು ತಡವಾದರೆ ಕೂಸು ಮನೆ ಕಿತ್ತುಹೋಗುವಂತೆ ಅರಚುತ್ತದೆ. ಬೆಲ್ಲವನ್ನು ಅದು ಕೇಳಲೇ ಇಲ್ಲ.

ಮಗನ ಹೆಂಡತಿ ಈಗ ಏಳು ತಿಂಗಳ ಬಸುರಿ. ಮೊನ್ನೆ ಹೆಂಡತಿಯನ್ನು ಕೇಳಿದೆ: ‘ಗಂಡು ಹುಟ್ಟಿದ್ರೆ ಏನು ಮಾಡ್ತೀಯೇ? ಗಂಡಿಗೆ ಸಮ ತಿಂಗಳು. ಆರು ತುಂಬಿದ್ರೆ ನಡೆಯೋದು ಏಳು, ಅದು ಬೆಸ.’

‘ಏಳು ಯಾಕ್ರೀ? ತುಂಬಿರೋದು ಆರಲ್ವಾ, ಆರೇ ಲೆಕ್ಕ.’

‘ಮತ್ತೆ ಇವಳಿಗೆ ಏಳು ಅಂದ್ಯಲ್ಲ?’

‘ಹೆಣ್ಣು ಮಕ್ಕಳಿಗೆ ನಡೆಯೋ ತಿಂಗಳು, ಗಂಡು ಮಕ್ಕಳಿಗೆ ತುಂಬಿದ ತಿಂಗಳು. ಅಷ್ಟೂ ಗೊತ್ತಿಲ್ದೆ ಅದೇನು ಲೆಕ್ಕ ಕಲಿಸಿದ್ರೋ ಆ ಮಕ್ಕಳಿಗೆ!’