ಹೊರಗಿನ ರಿಪೋರ್ಟ್ ಒಪ್ಪದ ಶಾಲೆಗೆ ಒಂದು ಕೃತಜ್ಞತಾ ಪತ್ರ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಹುಡುಗನೊಬ್ಬನ ಅಜ್ಜ ನಾನು. ಧಾರವಾಡದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದು ಮೊಮ್ಮಗನ ಹೋಂವರ್ಕ್ ನೋಡಿಕೊಳ್ಳುತ್ತೇನೆ. ನಿಮ್ಮ ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಶಾಲೆಗಳಿಗೆ ಅನ್ಯಾಯವಾದೀತು. ಈ ಗೌರವದಲ್ಲಿ ಅವುಗಳಿಗೂ ಸಮಪಾಲಿದೆ.

ಮೊದಲು ಧನ್ಯವಾದ ಹೇಳಿಬಿಡುತ್ತೇನೆ. ಹುಡುಗ ಓದುವಾಗ ತಡವರಿಸುತ್ತಾನೆ, ಡಿಕ್ಟೇಷನ್ ಎಂದರೆ ಹೊಟ್ಟೆನೋವು ಅನ್ನುತ್ತಾನೆ ಎಂಬುದನ್ನು ನಿಮ್ಮ ಕ್ಲಾಸ್ ಟೀಚರ್ ಗಮನಿಸಿ ನಮಗೆ ತಿಳಿಸಿದರು. ಆ ತಾಯಿಗೆ ಪುಣ್ಯ ಬರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುವುದೂ ಇದನ್ನೇ: ಮಾನ್ಯತೆ ಪಡೆದ ಶಾಲೆಗಳಲ್ಲಿ ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು. ಅಷ್ಟನ್ನು ನೀವು ಚಾಚೂ ತಪ್ಪದೆ ಪಾಲಿಸಿದ್ದೀರಿ. ಗುರುತಿಸಿದ ಮೇಲೆ ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎಂದು ಅದೇ ವಾಕ್ಯ ಮುಂದುವರಿಯುತ್ತದೆ. ನಿಮ್ಮ ಕಚೇರಿಯ ಪ್ರತಿಯಲ್ಲಿ ಆ ಸಾಲು ಬಹುಶಃ ಜೆರಾಕ್ಸಿಗೆ ಬಿದ್ದಿಲ್ಲ.

ನಿಮ್ಮ ಕೌನ್ಸೆಲರ್ ಅವರ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಹುಡುಗನನ್ನು ಆಟದ ಪೀರಿಯಡ್ಡಿನಿಂದ ಕರೆಸಿಕೊಂಡು, ಅದೇ ಪೀರಿಯಡ್ ಮುಗಿಯುವಷ್ಟರಲ್ಲಿ ಅವನ ಬುದ್ಧಿ, ಗಮನ, ಆಸಕ್ತಿ, ಭವಿಷ್ಯ ನಾಲ್ಕನ್ನೂ ಅಳೆದು ಮುಗಿಸಿದರು. ಒಂದು ಪುಟದ ರಿಪೋರ್ಟ್ ಬಂತು. ಗಮನ: ಕಡಿಮೆ. ಆಸಕ್ತಿ: ಕಡಿಮೆ. ಐಕ್ಯೂ: 82. ಯಾವ ಪರೀಕ್ಷೆಯಿಂದ ಈ 82 ಬಂತೆಂದು ಅದರಲ್ಲಿ ಬರೆದಿರಲಿಲ್ಲ. ಕೊನೆಯಲ್ಲಿ ಎರಡು ಸಲಹೆ ಇದ್ದವು: ಶಾಲೆಯ ಪ್ಯಾನೆಲ್‌ನಿಂದ ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂರುವ ಒಬ್ಬ ಶ್ಯಾಡೋ ಟೀಚರನ್ನು ಪೋಷಕರ ಖರ್ಚಿನಲ್ಲಿ ಇಟ್ಟುಕೊಳ್ಳುವುದು, ಇಲ್ಲವೇ ಮಗುವಿಗೆ "ಹೆಚ್ಚು ಹೊಂದುವಂಥ" ಬೇರೆ ಶಾಲೆ ನೋಡುವುದು. ತೊಂದರೆ ಇದೆ ಎನ್ನುವವರು, ಅದಕ್ಕೆ ಥೆರಪಿ ಕೊಡುವವರು, ಪಕ್ಕದಲ್ಲಿ ಕೂರುವವರು, ಕೊನೆಗೆ ಟಿಸಿ ಬರೆಯುವವರು, ಎಲ್ಲರೂ ಒಂದೇ ಕೌಂಟರಿನಲ್ಲಿ ಸಿಗುತ್ತಾರೆ. ಸಂತೆಯ ಸಣ್ಣ ವ್ಯಾಪಾರಿಯ ತಕ್ಕಡಿಗೂ ತೂಕ ಮತ್ತು ಅಳತೆ ಇಲಾಖೆಯವರು ಬಂದು ಮುದ್ರೆ ಒತ್ತಬೇಕು. ಅವನ ತಕ್ಕಡಿಗೆ ಅವನೇ ಮುದ್ರೆ ಒತ್ತಿಕೊಂಡರೆ ದಂಡ ಬೀಳುತ್ತದೆ. ಶಾಲೆಗೆ ಅಂಥ ಕಿರಿಕಿರಿ ಏನೂ ಇಲ್ಲ ನೋಡಿ.

ಇಂಥ ಪರಿಪೂರ್ಣ ವ್ಯವಸ್ಥೆ ಇದ್ದರೂ ನಮ್ಮ ಮನೆಯವರು ಹೊರಗಿನ ಸ್ವತಂತ್ರ ಮನಶ್ಶಾಸ್ತ್ರಜ್ಞೆಯ ಬಳಿ ಹೋದದ್ದು ನಿಮಗೆ ಬೇಸರ ತಂದಿದೆ ಎಂದು ಕೇಳಿದೆ. ಹೋಗುವ ಮೊದಲು ನಾನೇ ಒಂದು ಕಿತಾಪತಿ ಮಾಡಿದ್ದೆ. ಆಕೆಯ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಿ ನೋಡಿದೆ, ಇತ್ತು. ಇಂಗ್ಲೆಂಡಿನಲ್ಲಿ "ಎಜುಕೇಷನಲ್ ಸೈಕಾಲಜಿಸ್ಟ್" ಎಂಬ ಹೆಸರಿಗೇ ಕಾನೂನಿನ ಕಾವಲಿದೆ, ನೋಂದಣಿ ಇಲ್ಲದವರು ಹಾಗೆ ಹೇಳಿಕೊಂಡರೆ ಅಪರಾಧ. ನಮ್ಮಲ್ಲಿ ಆ ಬೋರ್ಡು ಬರೆಸಲು ಪೇಂಟರ್ ಒಬ್ಬ ಸಿಕ್ಕರೆ ಸಾಕು. ನಿಮ್ಮ ಕೌನ್ಸೆಲರ್ ಅವರ ನೋಂದಣಿ ಸಂಖ್ಯೆಯನ್ನೂ ಹುಡುಕಬೇಕೆಂದಿದ್ದೆ. ಸಹಿಯ ಕೆಳಗೆ ಸಂಖ್ಯೆಯ ಜಾಗದಲ್ಲಿ ಶಾಲೆಯ ಲಾಂಛನವಿತ್ತು.

ಆ ಸ್ವತಂತ್ರ ಮನಶ್ಶಾಸ್ತ್ರಜ್ಞೆ ನಮ್ಮನ್ನು ಮೊದಲ ದಿನವೇ ವಾಪಸ್ ಕಳಿಸಿದರು. ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ, ಒಂದನೇ ತರಗತಿಯಿಂದ ಇಲ್ಲಿಯವರೆಗಿನ ನೋಟ್‌ಬುಕ್ ಎಷ್ಟು ಉಳಿದಿವೆಯೋ ಅಷ್ಟೂ ತನ್ನಿ ಎಂದರು. ಕಣ್ಣಿನ ಡಾಕ್ಟರು ಎಡಗಣ್ಣಿಗೆ ಸಣ್ಣ ನಂಬರಿನ ಕನ್ನಡಕ ಕೊಟ್ಟರು. ಅದರಿಂದ ಓದು ಸರಿಹೋಗಲಿಲ್ಲ, ಬೋರ್ಡು ಮಾತ್ರ ಚೆನ್ನಾಗಿ ಕಾಣತೊಡಗಿತು. ನೋಟ್‌ಬುಕ್ಕುಗಳನ್ನು ಆಕೆ ಮೇಜಿನ ಮೇಲೆ ಸಾಲಾಗಿ ಹರಡಿ ಬಹಳ ಹೊತ್ತು ನೋಡಿದರು. ಕನ್ನಡದ ಡಿಕ್ಟೇಷನ್ನಿನಲ್ಲಿ ಕತ್ತೆ ಎಂದು ಹೇಳಿದರೆ ನಮ್ಮ ಹುಡುಗ "ಕತೆ" ಬರೆದಿದ್ದ. ಹಳ್ಳಿ "ಹಳಿ"ಯಾಗಿತ್ತು. ಒತ್ತಕ್ಷರ ಕಂಡಲ್ಲೆಲ್ಲ ಅದನ್ನು ನುಂಗಿದ್ದ. ಪ್ರತಿಯೊಂದರ ಮೇಲೂ ನಿಮ್ಮ ಶಾಲೆಯ ಕೆಂಪು ಗೀಟು, ಪಕ್ಕದಲ್ಲಿ "ಕೇರ್‌ಲೆಸ್". ಮೂರು ವರ್ಷ ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ತಪ್ಪು ಮಾಡಬೇಕಾದರೆ ಹುಡುಗನಿಗೆ ಎಷ್ಟು ಶಿಸ್ತು ಬೇಕು ಯೋಚಿಸಿ!

ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವುದು, ಯಾವುದನ್ನು ಮೊದಲು ಓದಲು ಕಲಿತ ಎಂದು ಆಕೆ ಕೇಳಿದ್ದನ್ನು ನಾನು ಮರೆಯಲಾರೆ. ಇಂಗ್ಲಿಷಿನಲ್ಲಿ ಮಾತ್ರ ತೊಡಕಿದ್ದರೆ ಅದು ಭಾಷೆಯ ರೂಢಿ ಸಾಲದೆ ಬಂದದ್ದೂ ಆಗಿರಬಹುದು. ಎರಡರಲ್ಲೂ ಇದ್ದರೆ ಬೇರೆ ಮಾತು. ಇಂಗ್ಲಿಷಿಗೆ ಅಕ್ಷರ 26. ನಮ್ಮ ಕಾಗುಣಿತ, ಒತ್ತು ಎಲ್ಲ ಸೇರಿದರೆ ಮಗು ಕಣ್ಣಿಗೆ ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಮೇಲೆ ಬೆಂಗಳೂರಿನಲ್ಲೇ ನಡೆದ ಸಂಶೋಧನೆ ಹೇಳುವಂತೆ ಅಕ್ಷರ ಕಲಿಕೆ ನಾಲ್ಕನೇ ತರಗತಿಯ ಆಚೆಗೂ ಸಾಗುತ್ತದೆ. ಹಾಗಾಗಿ ಇಂಗ್ಲಿಷ್ ಮಗುವಿನ ಲೆಕ್ಕದಲ್ಲಿ ಕನ್ನಡದ ಮಗುವನ್ನು "ಹಿಂದೆ ಬಿದ್ದಿದೆ" ಎನ್ನುವ ಹಾಗಿಲ್ಲ. ವಿ.ವಿ. ಕಾಮತ್ ಎಂಬವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ಬಿನೆ ಬುದ್ಧಿಪರೀಕ್ಷೆಯನ್ನು ಹೊಂದಿಸಿ 1934ರಲ್ಲೇ ಪ್ರಕಟಿಸಿದ್ದರು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ ಡಿಸ್‌ಲೆಕ್ಸಿಯಾ (ಓದು-ಬರಹದ ನ್ಯೂನತೆ) ಪರೀಕ್ಷೆಯಲ್ಲೂ ಕನ್ನಡವಿದೆ. ಕನ್ನಡದ ಮಗುವನ್ನು ಕನ್ನಡದಲ್ಲೂ ಕೇಳಬಹುದು ಎಂಬ ಸುದ್ದಿ 1934ರಲ್ಲಿ ಹೊರಟದ್ದು, ಬೆಂಗಳೂರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಮ್ಮ ಗೇಟಿಗೆ ಇನ್ನೂ ತಲುಪಿಲ್ಲ ಅನ್ನಿಸುತ್ತದೆ.

ಪರೀಕ್ಷೆ ಬೆಳಗಿನ ಹೊತ್ತಿನಲ್ಲಿ, ನಡುನಡುವೆ ಬಿಡುವು ಕೊಟ್ಟು ನಡೆಯಿತು. ಕೆಂಪು-ಬಿಳಿ ತುಂಡುಗಳನ್ನು ಜೋಡಿಸಿ ಚಿತ್ರ ಮಾಡಿಸಿದರು. ಅಂಕಿಗಳನ್ನು ಹೇಳಿ ಹಿಂದುಮುಂದಾಗಿ ಹೇಳಿಸಿದರು. ಬಾಗಿಲು ಅರೆ ತೆರೆದಿದ್ದರಿಂದ ಒಂದು ಪ್ರಸಂಗ ನನ್ನ ಕಿವಿಗೂ ಬಿತ್ತು. ಒಂದು ಕತೆಯನ್ನು ಹುಡುಗ ತಾನೇ ಓದಿದ. ಓದು ಮುಗಿಯುವಷ್ಟರಲ್ಲಿ ಸುಸ್ತಾಗಿದ್ದ. ಪ್ರಶ್ನೆ ಕೇಳಿದರೆ ಮೌನ. ಅಷ್ಟೇ ಕಷ್ಟದ ಇನ್ನೊಂದು ಕತೆಯನ್ನು ಆಕೆ ಓದಿ ಹೇಳಿದರು. ಎಲ್ಲ ಪ್ರಶ್ನೆಗೂ ಉತ್ತರ ಬಂತು, ಮೇಲೆ ಅವನದೇ ಒಂದು ಪ್ರಶ್ನೆಯೂ ಬಂತು: "ನರಿ ಬಾವಿಗೆ ಯಾಕೆ ಇಳೀತು ಆಂಟಿ, ಅದಕ್ಕೆ ಹತ್ತಾಕ ಬರೂದಿಲ್ಲ ಅಂತ ಗೊತ್ತಿರಲಿಲ್ಲೇನು?" ಇದೇ ಹುಡುಗನಿಗೆ ನಿಮ್ಮ ರಿಪೋರ್ಟಿನಲ್ಲಿ ಗ್ರಹಿಕೆ "ಸರಾಸರಿಗಿಂತ ಕೆಳಗೆ". ಗಣಿತದಲ್ಲೂ ಅದೇ ಕತೆ. ಲೆಕ್ಕವನ್ನು ತಾನೇ ಓದಿಕೊಂಡರೆ ತಪ್ಪು, ಓದಿ ಹೇಳಿದರೆ ಸರಿ.

ಆಕೆಯ ರಿಪೋರ್ಟಿನಲ್ಲಿ ಐಕ್ಯೂ 104 ಬಂತು. ಸಂಖ್ಯೆಯ ಪಕ್ಕದಲ್ಲೇ, ಇದು ಆಚೀಚೆ ಕೆಲವು ಅಂಕ ಸರಿದಾಡಬಹುದು ಎಂದು ಆ ವ್ಯಾಪ್ತಿಯನ್ನೂ ಬರೆದಿದ್ದರು. ಒಂದೇ ತಲೆಗೆ 82 ಹೇಗೆ, 104 ಹೇಗೆ? ವಿಚಾರಿಸಿದಾಗ ಗೊತ್ತಾಯಿತು, ನಿಮ್ಮಲ್ಲಿ ಅವನಿಗೆ ಕೊಟ್ಟದ್ದು ತಾನೇ ಓದಿ ಟಿಕ್ ಹಾಕಬೇಕಾದ ಇಂಗ್ಲಿಷ್ ಹಾಳೆ. ಓದಲು ಬಾರದವನಿಗೆ ಓದುವ ಪರೀಕ್ಷೆ ಕೊಟ್ಟು ಬುದ್ಧಿ ಅಳೆದಿರಿ. ಈ 82 ಬರಿಯ ಸಂಖ್ಯೆಯಲ್ಲ ಪ್ರಾಂಶುಪಾಲರೇ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಐಕ್ಯೂ 85ರ ಮೇಲಿದ್ದರೆ ಮಾತ್ರ ಮಗು ಕಲಿಕಾ ನ್ಯೂನತೆಯ ಪರೀಕ್ಷೆಗೆ, ಅಂದರೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಗುಚ್ಛಕ್ಕೆ ಹೋಗುತ್ತಿತ್ತು. ಆ ನಿಯಮದಲ್ಲಿ ನಿಮ್ಮ ಲೆಕ್ಕ ನಿಂತಿದ್ದರೆ ಹುಡುಗ ಬಾಗಿಲಲ್ಲೇ ವಾಪಸ್. (100 ಸರಾಸರಿ, 15 ವಿಚಲನೆ ಇಟ್ಟು ಕಟ್ಟಿದ ಈ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 16 ಮಕ್ಕಳು 85ರ ಕೆಳಗೇ ಬರುತ್ತಾರೆ. ಅವರಿಗೆ ಓದು ಬಾರದಿದ್ದರೆ ಯಾರು ಹೊಣೆ ಎಂಬುದನ್ನು ಇನ್ನೊಂದು ಪತ್ರದಲ್ಲಿ, ಬೇರೆ ವಿಳಾಸಕ್ಕೆ ಬರೆಯಬೇಕು.)

ಸ್ವತಂತ್ರರು ಎಂದರೆ ನಮ್ಮ ಪರ ಎಂದು ನೀವು ಭಾವಿಸಿದ್ದೀರಿ. ಅಯ್ಯೋ, ನಮಗೂ ಹಾಗೇ ಅನ್ನಿಸಿತ್ತು! ಫೀಸು ಕೊಟ್ಟವರು ನಾವು, ಅದೂ ಕಡಿಮೆಯೇನಲ್ಲ. ನನ್ನ ಮಗ ಮೆತ್ತಗೆ ಕೇಳಿದ: "ಮೇಡಂ, ಡಿಸ್‌ಲೆಕ್ಸಿಯಾ ಅನ್ನೋ ಪದ ರಿಪೋರ್ಟ್‌ನಲ್ಲಿ ಬೇಡ, ಸ್ವಲ್ಪ ನಿಧಾನ ಅಂತ ಬರೆದುಬಿಡಿ." ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದ ಇನ್ನೊಬ್ಬ ತಂದೆಗೆ ಅದೇ ಪದ ಬೇಕಾಗಿತ್ತು. ಮಗಳು ಸಿಬಿಎಸ್‌ಇ ಒಂಬತ್ತನೇ ತರಗತಿ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಆಕೆ ಇಬ್ಬರಿಗೂ ಆಗುವುದಿಲ್ಲ ಎಂದರು. ನಮ್ಮ ಹುಡುಗನಿಗೆ ಓದು-ಬರಹದ ನ್ಯೂನತೆ ಇದೆ ಎಂದೇ ಬರೆದರು. ನಾವು ಬಯಸಿದ್ದಕ್ಕಿಂತ ಖಡಾಖಂಡಿತವಾಗಿ, ನೀವು ಹೇಳಿದ್ದಕ್ಕಿಂತ ಬೇರೆಯಾಗಿ. ಮಗ ಎರಡು ದಿನ ಮಾತಾಡಲಿಲ್ಲ. ಹಣ ಕೊಟ್ಟವನಿಗೂ ಶಾಲೆಗೂ ಒಟ್ಟಿಗೇ ಕಹಿಯಾಗುವ ರಿಪೋರ್ಟ್ ಬರೆದಾಗಲೇ ಆಕೆ ಸ್ವತಂತ್ರರು ಎಂದು ನನಗೆ ಖಾತ್ರಿಯಾಯಿತು. ಇಷ್ಟು ಅನುಮಾನ ಬೇಕಿತ್ತೇ ಎಂದರೆ, ಅಳೆಯುವವರ ಮೇಲೂ ಒಂದು ಕಣ್ಣಿಟ್ಟಿರಬೇಕು ಎಂಬುದಕ್ಕೆ ಇತಿಹಾಸವೇ ಇದೆ. 1913ರಲ್ಲಿ ಲಂಡನ್ನಿನ ಆಡಳಿತ ಮಂಡಳಿ ಶಾಲಾ ಮಕ್ಕಳಿಗೆಂದು ಮೊದಲ ಮನಶ್ಶಾಸ್ತ್ರಜ್ಞನಾಗಿ ನೇಮಿಸಿಕೊಂಡ ಸಿರಿಲ್ ಬರ್ಟ್ ಸತ್ತ ಮೇಲೆ, ಅವಳಿ ಮಕ್ಕಳ ಬಗ್ಗೆ ಆತ ಕೊಟ್ಟ ಅಂಕಿಅಂಶಗಳೇ ಕಟ್ಟುಕತೆ ಎಂಬ ಆರೋಪ ಎದ್ದಿತು.

ಆಕೆಯ ರಿಪೋರ್ಟ್ ನಿಮ್ಮ ಮೇಜಿಗೆ ಬಂದಾಗ ನೀವು ಹೇಳಿದ ಮಾತು ಚಿಕ್ಕದು, ಚೊಕ್ಕದು: "ಹೊರಗಿನ ರಿಪೋರ್ಟ್ ನಾವು ಒಪ್ಪಲ್ಲ, ಇದು ನಮ್ಮ ಪಾಲಿಸಿ." ಪಾಲಿಸಿಯ ಪ್ರತಿ ಕೇಳಿದರೆ ಅದು ಒಳಗಿನ ದಾಖಲೆಯಂತೆ. ಹೊರಗಿನದು ಒಳಗೆ ಬರುವಂತಿಲ್ಲ, ಒಳಗಿನದು ಹೊರಗೆ ಹೋಗುವಂತಿಲ್ಲ. ನಿಮ್ಮ ಗೇಟಿನ ಸೆಕ್ಯುರಿಟಿಯವರಿಗೆ ನನ್ನ ಅಭಿನಂದನೆ ತಿಳಿಸಿ.

ನಿಮ್ಮ ಹತ್ತಿರ ಒಂದು ಒಳ್ಳೆಯ ವಾದವಿದೆ, ಅದನ್ನು ನೀವೇ ಹೇಳದಿದ್ದುದರಿಂದ ನಾನು ಹೇಳುತ್ತೇನೆ. ಖಾಸಗಿ ರಿಪೋರ್ಟ್ ಸರ್ಕಾರಿ ಪ್ರಮಾಣಪತ್ರವಲ್ಲ. ಬೋರ್ಡ್ ಪರೀಕ್ಷೆಯ ರಿಯಾಯಿತಿಗೆ ಬೋರ್ಡು ಒಪ್ಪುವ ಪತ್ರವೇ ಬೇಕು. 2018ರ ಮಾರ್ಗಸೂಚಿಯಂತೆ ಸರ್ಕಾರಿ ಪ್ರಮಾಣಪತ್ರವನ್ನು 14ರ ವಯಸ್ಸಿಗೆ ಮತ್ತೆ, 18ಕ್ಕೆ ಮತ್ತೊಮ್ಮೆ ಮಾಡಿಸಬೇಕಿತ್ತು. 18ರಲ್ಲಿ ಕೊಟ್ಟದ್ದು ಜೀವಮಾನಕ್ಕೆ ಸಲ್ಲುತ್ತಿತ್ತು. ಅದಕ್ಕೆ ನಾವು ನಿಮ್ಹಾನ್ಸಿನ ಸಾಲಿನಲ್ಲಿ ನಿಲ್ಲುತ್ತೇವೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗು ಎಂದರೂ ಹೋಗುತ್ತೇವೆ. ಆದರೆ ಒಂಬತ್ತು ವರ್ಷದ ಹುಡುಗ ಈಗ ಯಾವ ಬೋರ್ಡ್ ಪರೀಕ್ಷೆಯನ್ನೂ ಬರೆಯುತ್ತಿಲ್ಲ. ಅವನಿಗೆ ಈಗ ಬೇಕಿರುವುದು ಪ್ರಶ್ನೆಯನ್ನು ಒಮ್ಮೆ ಓದಿ ಹೇಳುವ ಟೀಚರು. ಅದಕ್ಕೆ ಯಾವ ಆಸ್ಪತ್ರೆಯ ಸೀಲು ಬೇಕು?

ಇಷ್ಟು ಬರೆಯುವಾಗ ನಾನು ಕಲಿಸಿದ ಶಾಲೆಯ ನೆನಪೂ ಆಗುತ್ತದೆ. ಅಲ್ಲಿ ಒಂದೇ ಒಂದು ರಿಪೋರ್ಟ್ ಇತ್ತು: "ದಡ್ಡ". ಅದಕ್ಕೆ ಫೀಸು ಇರಲಿಲ್ಲ, ಅಪಾಯಿಂಟ್‌ಮೆಂಟ್ ಬೇಕಿರಲಿಲ್ಲ, ವ್ಯಾಲಿಡಿಟಿಯೂ ಜೀವಮಾನದ್ದು. ಸ್ವತಂತ್ರರನ್ನು ಹುಡುಕಿಕೊಂಡು ಹೋಗುವಷ್ಟು ಹಣ ನನ್ನ ಮಗನಿಗಿದೆ. ಇಲ್ಲದವರ ಮಕ್ಕಳು ಇಂದಿಗೂ ಆ ಹಳೆಯ ರಿಪೋರ್ಟನ್ನೇ ಹೊತ್ತು ಎಂಟನೇ ತರಗತಿಗೆ ಬರುತ್ತಾರೆ.

ಇನ್ನು ನನ್ನ ಕೋರಿಕೆ. ಆ ಮನಶ್ಶಾಸ್ತ್ರಜ್ಞೆಯ ರಿಪೋರ್ಟಿನ ಕೊನೆಯ ಪುಟವನ್ನಾದರೂ ಓದಿ. ಒತ್ತಕ್ಷರಗಳನ್ನು ಒಂದೊಂದಾಗಿ, ಕ್ರಮವಾಗಿ ಮತ್ತೆ ಕಲಿಸಿ, ವಿಜ್ಞಾನದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ, ಲೆಕ್ಕದ ಪ್ರಶ್ನೆ ಓದಿ ಹೇಳಿ ಎಂದಷ್ಟೇ ಅಲ್ಲಿದೆ. ಇದಕ್ಕೆ ಶ್ಯಾಡೋ ಟೀಚರ್ ಬೇಡ. ಆಕೆ ಶಾಲೆಗೇ ಬಂದು ನಿಮ್ಮ ಟೀಚರುಗಳ ಜೊತೆ ಮಾತಾಡಲು ಸಿದ್ಧರಿದ್ದಾರೆ, ಒಂದು ಸಮಯ ಕೊಡಿ. ಒಪ್ಪದಿದ್ದರೆ ಯಾವ ಸಾಲನ್ನು, ಯಾವ ಕಾರಣಕ್ಕೆ ಒಪ್ಪುವುದಿಲ್ಲ ಎಂದು ಲಿಖಿತವಾಗಿ ತಿಳಿಸಿ, ಕೆಳಗೆ ಸಹಿ ಮತ್ತು ನೋಂದಣಿ ಸಂಖ್ಯೆ ಹಾಕಿಸಿ. ಇದನ್ನು ಓದುತ್ತಿರುವ ಉಳಿದ ಅಪ್ಪ-ಅಮ್ಮಂದಿರೂ ಅಷ್ಟನ್ನು ಕೇಳಿ ಪಡೆಯಿರಿ: ಮಗುವಿಗೆ ಯಾವ ಪರೀಕ್ಷೆ ಕೊಟ್ಟರು, ಯಾವ ಭಾಷೆಯಲ್ಲಿ ಕೊಟ್ಟರು, ಕೊಟ್ಟವರು ಯಾರು. ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಶಾಲೆ ಮುಂದಿಡುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ನಾಲ್ಕನೇ ತರಗತಿಯ ಒಬ್ಬ ಹುಡುಗನ ಅಜ್ಜ