ಕನ್ನಡಕ ತೆಗೆದ ಮೇಲೆ ಎಲ್ಲರೂ ಸಮಾನರು

ನನ್ನ ತಲೆ ಮೂವತ್ತು ವರ್ಷದಿಂದ ಒಂದೇ ಕ್ಷೌರದಂಗಡಿಯ ಸುಪರ್ದಿನಲ್ಲಿದೆ. ಅಲ್ಲಿ ಟಿಪ್ಸ್ ಎಂಬ ಪ್ರಶ್ನೆಯೇ ಇಲ್ಲ. ನೂರೈವತ್ತಕ್ಕೆ ಇನ್ನೂರು ಕೊಟ್ಟರೆ, ಉಳಿದದ್ದಕ್ಕೆ ನೆತ್ತಿಗೆ ಎಣ್ಣೆ ಹಾಕಿ ನಾಲ್ಕು ಬಾರಿ ತಟ್ಟಿ ಲೆಕ್ಕ ಚುಕ್ತಾ ಮಾಡುತ್ತಾರೆ. ಆದರೆ ಬುಧವಾರ ಮದುವೆ, ನನಗೆ ಕ್ಷೌರ ನೆನಪಾದದ್ದು ಮಂಗಳವಾರ. ಅವತ್ತು ನಮ್ಮ ಬಡಾವಣೆಯ ಕತ್ತರಿಗಳಿಗೆಲ್ಲ ರಜ. ತೆರೆದಿದ್ದದ್ದು ಮಾಲಿನೊಳಗಿನ ಏಸಿ ಸಲೂನು.

ಟಿಪ್ಸ್ ಎಷ್ಟು ಕೊಡಬೇಕಪ್ಪಾ ಅಂತ ನ್ಯೂಜೆರ್ಸಿಯ ಅಳಿಯನನ್ನು ಕೇಳಿದೆ. "ಮಾವ, ಇಲ್ಲಿ ಬಿಲ್ಲಿನ ಶೇ. 15ರಿಂದ 20 ಕೊಡೋದು ವಾಡಿಕೆ. ಕೊಡದೇ ಬಂದರೆ ಮುಂದಿನ ಸಲ ಕಿವಿ ಜೋಪಾನ" ಅಂದ. ಸಲೂನಿನ ದರ 600. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿರುವುದರಿಂದ ನನಗೆ 78 ರೂಪಾಯಿ ಉಳಿತಾಯ. ಸರ್ಕಾರ ಬಿಟ್ಟದ್ದನ್ನು ನಾನೇಕೆ ನುಂಗಲಿ ಎಂದು ಅದಕ್ಕೆ 22 ಸೇರಿಸಿ, ನೂರರ ನೋಟೊಂದನ್ನು ಮಡಿಸಿ ಜೇಬಿಗಿಟ್ಟೆ. ಲೆಕ್ಕ ಪಕ್ಕಾ. ಯಾರ ಕೈಗೆ ಅನ್ನುವುದಷ್ಟೇ ಬಾಕಿ.

ಕುರ್ಚಿಯಲ್ಲಿ ಕೂರಿಸಿದವರೇ ಮೊದಲು ಕನ್ನಡಕ ಕಿತ್ತುಕೊಂಡರು. ನನ್ನದು ಮೈನಸ್ ಏಳು. ಅದಿಲ್ಲದಿದ್ದರೆ ಕನ್ನಡಿಯೊಳಗಿರುವವನು ನಾನೇ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಒಂದು ಕಪ್ಪು ಟೀ ಶರ್ಟು ತಲೆ ತೊಳೆಯಿತು. ಇನ್ನೊಂದು ಕತ್ತರಿ ಆಡಿಸಿತು. ಮತ್ತೊಂದು ಗ್ರೀನ್ ಟೀ ಕೊಟ್ಟಿತು. ಅದರಲ್ಲಿ ನನ್ನವೇ ಎರಡು ಬಿಳಿಕೂದಲು ತೇಲುತ್ತಿದ್ದವು. ಕತ್ತರಿಸಿದವನು ಎತ್ತರದ ಆಳು ಎಂಬುದೊಂದನ್ನೇ ಗುರುತಿಟ್ಟುಕೊಂಡೆ.

ಕನ್ನಡಕ ಏರಿಸಿ ಎದ್ದವನೇ, ಬಾಗಿಲ ಬಳಿಯ ಎತ್ತರದ ಕಪ್ಪು ಟೀ ಶರ್ಟಿನ ಅಂಗೈಗೆ ನೋಟು ಒತ್ತಿ, ಹುಂಡಿಗೆ ಕಾಣಿಕೆ ಹಾಕಿದವನ ಗಾಂಭೀರ್ಯದಲ್ಲಿ "ಬಹಳ ಚೆನ್ನಾಗಿ ಕತ್ತರಿಸಿದ್ರಿ" ಅಂದೆ. ಆತ ನೋಟು ನೋಡಿದ, ನನ್ನ ತಲೆ ನೋಡಿದ.

"ಸಾರ್, ನಾನು ಹೆಂಡತಿಗೆ ಕಾಯ್ತಾ ಇದ್ದೀನಿ."

ಪಾಪ, ವಾಪಸ್ ಕೊಡಲು ಬಂದ. ನಾನು ಭಂಡಧೈರ್ಯದಿಂದ "ಇರಲಿ, ಇಬ್ಬರೂ ಕಾಫಿ ಕುಡೀರಿ" ಅಂದುಬಿಟ್ಟೆ!

ನಿಜವಾಗಿ ಕತ್ತರಿಸಿದ ಹುಡುಗ ನನ್ನ ಕೂದಲನ್ನೇ ಗುಡಿಸುತ್ತ ಇದನ್ನೆಲ್ಲ ನೋಡುತ್ತಿದ್ದ. ಗಿಡ್ಡನೆಯ ಹುಡುಗ. ಕೂತವನಿಗೆ ನಿಂತವರೆಲ್ಲ ಎತ್ತರವೇ ಎಂದು ಆಗ ಹೊಳೆಯಿತು. ಜೇಬಿನಲ್ಲಿ ಬೇರೆ ಕಾಸಿಲ್ಲ. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ, ಗಡಿಬಿಡಿಯಲ್ಲಿ ಒಂದು ಸೊನ್ನೆ ನುಂಗಿದೆ. ಅಲ್ಲಿದ್ದ ಡಬ್ಬಿ ಇಡೀ ಸಲೂನಿಗೆ ಡಂಗುರ ಸಾರಿತು: "ಹತ್ತು ರೂಪಾಯಿ ಸ್ವೀಕರಿಸಲಾಗಿದೆ." ಇನ್ನೊಂದು ಸಲ ತೊಂಬತ್ತು ಹಾಕಿದೆ. ಅದನ್ನೂ ಸಾರಿತು. ಕಂತಿನಲ್ಲಿ ಟಿಪ್ಸ್ ಕೊಟ್ಟವನು ನಾನೊಬ್ಬನೇ ಇರಬೇಕು.

ನಮ್ಮ ತಾತನ ಕಾಲ ಎಷ್ಟೋ ವಾಸಿ. ಊರಿನ ಹನ್ನೆರಡು ಆಯಗಾರರಲ್ಲಿ ಕ್ಷೌರದವರೂ ಒಬ್ಬರು. ವರ್ಷವಿಡೀ ತಲೆ ಒಪ್ಪಿಸಿ, ಸುಗ್ಗಿಯಲ್ಲಿ ಕಣದಲ್ಲೇ ರಾಗಿ ಅಳೆದು ಕೊಟ್ಟರಾಯಿತು. ಕೈ ಯಾವುದೆಂದು ಹುಡುಕುವಂತಿರಲಿಲ್ಲ.

ಮುಂದಿನ ತಿಂಗಳು ಹಳೇ ಅಂಗಡಿಗೆ ಹೋದೆ. ಅವರು ತಲೆಯನ್ನು ಅತ್ತಿತ್ತ ತಿರುಗಿಸಿ, ಹೆಂಡತಿಯ ದನಿಯಲ್ಲಿ ಕೇಳಿದರು: "ಯಾರ ಕೈ ಸಾರ್ ಇದು?"

"ಗೊತ್ತಿಲ್ಲ. ನೂರರ ನೋಟು ಇಸ್ಕೊಂಡ ಕೈಯಂತೂ ಅಲ್ಲ" ಅಂದೆ.